ಮನೆಯಲ್ಲೇ ನಾಲ್ಕು ಬಗೆ ಅಂಜೂರ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯವರಿಗೆ ನೆಡುವುದರಿಂದ ರುಚಿ ನೋಡುವವರೆಗೆ

ಪೇಟೆಯ ತಾಜಾ ಅಂಜೂರ ತಿಂದು ‘ಸಪ್ಪೆ’ ಎಂದು ಪಕ್ಕಕ್ಕಿಟ್ಟವರು ಬಹಳ ಮಂದಿ. ತಪ್ಪು ಹಣ್ಣಿನದಲ್ಲ. ಅಂಜೂರದ ಸಿಪ್ಪೆ ತೆಳು, ಪೂರ್ತಿ ಮಾಗಿದ ಹಣ್ಣು ಒಂದು ದಿನದ ಸಾಗಣೆಯನ್ನೂ ತಡೆಯುವುದಿಲ್ಲ. ಆದ್ದರಿಂದ ಮಾರಾಟಕ್ಕೆ ಕೀಳುವವರು ಇನ್ನೂ ಗಟ್ಟಿ ಇರುವಾಗಲೇ ಕೀಳಬೇಕು. ಮಾವು, ಬಾಳೆಯ ಹಾಗೆ ಇದನ್ನು ಹುಲ್ಲಲ್ಲಿ ಮುಚ್ಚಿಟ್ಟು ಹಣ್ಣು ಮಾಡಲು ಬರುವುದಿಲ್ಲ. ಕಿತ್ತ ಮೇಲೆ ಮೆತ್ತಗಾಗುತ್ತದೆ, ಸಿಹಿ ಮಾತ್ರ ಏರುವುದಿಲ್ಲ. ಗಿಡದಲ್ಲೇ ಮಾಗಿ, ತೊಟ್ಟು ಬಾಗಿದ ಹಣ್ಣಿನ ರುಚಿ ಬೇಕೆಂದರೆ ಮನೆಯಲ್ಲಿ ಬೆಳೆಯುವುದೇ ದಾರಿ.

ಅದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಕಡಿಮೆ. ಬಳ್ಳಾರಿ ಸುತ್ತ ಅಂಜೂರದ ತೋಟಗಳಿವೆ, ಇಲ್ಲಿನ ಒಣ ಅಂಜೂರಕ್ಕೆ ಹೆಸರಿದೆ. ಕಾರಣ ಹವೆ: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿಸಿಲು, ಒಣಗಾಳಿ, ಹೆಚ್ಚುಕಡಿಮೆ ಮಳೆಯೇ ಇಲ್ಲ. ಅಂಜೂರಕ್ಕೆ ಸಿಹಿ ಕೂಡುವುದು ಇಂಥ ದಿನಗಳಲ್ಲಿ. ಮುಂದೆ ಹೇಳುವ ಎಲ್ಲ ಕೆಲಸಗಳ ಗುರಿಯೂ ಇಷ್ಟೇ: ಹಣ್ಣು ಆ ಮೂರು ತಿಂಗಳಲ್ಲಿ ಮಾಗುವಂತೆ ಗಿಡವನ್ನು ನಡೆಸುವುದು. ತಳಿ ಎಷ್ಟೇ ಒಳ್ಳೆಯದಿರಲಿ, ಆಗಸ್ಟ್‌ ಮಳೆಯಲ್ಲಿ ಮಾಗಿದರೆ ನೀರು ನೀರು.

ಮೊದಲು ತಳಿ, ಅದಕ್ಕೂ ಮೊದಲು ಒಂದು ಎಚ್ಚರಿಕೆ

ಅಂಜೂರದಲ್ಲಿ ಎಲ್ಲ ತಳಿಗಳೂ ತಾವಾಗಿಯೇ ಕಾಯಿ ಹಿಡಿಯುವುದಿಲ್ಲ. ಸ್ಮಿರ್ನಾ ಬಗೆಯ ತಳಿಗಳಿಗೆ (ಕ್ಯಾಲಿಮಿರ್ನಾ ಇದರಲ್ಲಿ ಹೆಸರಾದದ್ದು) ಗಂಡು ಅಂಜೂರದ ಪರಾಗವನ್ನು ಹೊತ್ತು ತರುವ ಒಂದು ಸಣ್ಣ ಕಣಜ ಬೇಕು. ನಮ್ಮ ಕಡೆ ಆ ಕಣಜವೂ ಇಲ್ಲ, ಗಂಡು ಗಿಡವೂ ಇಲ್ಲ. ಅತ್ತಿಹಣ್ಣು ಬಿಡಿಸಿದಾಗ ಕಾಣುವ ಹುಳು ಬೇರೆ ಜಾತಿಯದು, ಅದು ಇಲ್ಲಿ ಉಪಯೋಗಕ್ಕೆ ಬಾರದು. ಅಂಥ ಗಿಡ ತಂದು ನೆಟ್ಟರೆ ಕಾಯಿ ಗೋಲಿಯಷ್ಟಾಗಿ ಉದುರುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ಆನ್‌ಲೈನ್‌ನಲ್ಲಿ ಚಂದದ ಫೋಟೊ ನೋಡಿ ಕೊಳ್ಳುವ ಮೊದಲು ‘ಪರಾಗ ಬೇಡದ ತಳಿಯೇ?’ ಎಂದು ಕೇಳಿ. ಇದೇ ಕಾರಣಕ್ಕೆ ವಿದೇಶದ ಒಣ ಅಂಜೂರದ ಬೀಜ ಬಿತ್ತುವುದೂ ವ್ಯರ್ಥ: ಬೀಜ ಮೊಳೆಯಬಹುದು, ಆದರೆ ಅರ್ಧದಷ್ಟು ಗಿಡಗಳು ಗಂಡಾಗುತ್ತವೆ, ಉಳಿದವುಗಳಲ್ಲೂ ತಾಯಿಯ ಗುಣ ಬರುವುದಿಲ್ಲ.

ಇದರಿಂದ ಇನ್ನೊಂದು ಅನುಮಾನವೂ ಪರಿಹಾರವಾಗುತ್ತದೆ. ‘ಅಂಜೂರದೊಳಗೆ ಸತ್ತ ಕಣಜ ಇರುತ್ತದಂತೆ’ ಎಂಬ ಮಾತು ನಿಮ್ಮ ಮನೆಯ ಗಿಡಕ್ಕೆ ಅನ್ವಯಿಸುವುದಿಲ್ಲ.

ನಮ್ಮಲ್ಲಿ ನಂಬಿ ನೆಡಬಹುದಾದವು ಇವು. ಬಳ್ಳಾರಿ ಭಾಗದ ತೋಟಗಳ ಸ್ಥಳೀಯ ತಳಿ ಮೊದಲನೆಯದು. ನಮ್ಮ ಬಿಸಿಲಿಗೆ ಪಳಗಿದ್ದು, ಒಣಗಿಸಲೂ ಬರುತ್ತದೆ, ಕಡ್ಡಿ ಹತ್ತಿರದಲ್ಲೇ ಸಿಗುತ್ತದೆ. ಪೂನಾ ಅಂಜೂರ ಮಹಾರಾಷ್ಟ್ರದ ಪುರಂದರ ತಾಲೂಕಿನದು, 2016ರಲ್ಲಿ ಅಲ್ಲಿನ ಹಣ್ಣಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಗಂಟೆಯಾಕಾರ, ಸುಮಾರು 40 ಗ್ರಾಂ ತೂಕ, ತೆಳು ನೇರಳೆ ಸಿಪ್ಪೆ, ಒಳಗೆ ಗುಲಾಬಿ ಕೆಂಪು. ಸ್ವಲ್ಪ ಹುಳಿಯಂಚು ಇರುವುದರಿಂದ ತಿನ್ನುವಾಗ ಬೇಸರ ಬರದು. ದಿನಕರ್‌ ತಳಿ ಮಹಾರಾಷ್ಟ್ರದ ದೌಲತಾಬಾದ್‌ ಕಡೆಯಿಂದ ಆರಿಸಿದ್ದು.

ಡಯಾನಾ ದೊಡ್ಡ ಹಣ್ಣು, ಹಳದಿ ಸಿಪ್ಪೆ, ಜೇನಿನ ಬಣ್ಣದ ತಿರುಳು, ಕಣ್ಣು ಚಿಕ್ಕದು. ಕಣ್ಣು ಎಂದರೆ ಹಣ್ಣಿನ ತಳದ ತೂತು. ಅದು ಚಿಕ್ಕದಾದಷ್ಟೂ ಇರುವೆ, ಜೀರುಂಡೆ ಒಳಹೋಗುವುದು ಕಡಿಮೆ, ಹಣ್ಣು ಒಳಗೊಳಗೇ ಹುಳಿಯುವುದೂ ಕಡಿಮೆ. ಕೊನಾಡ್ರಿಯಾ ತಿಳಿಹಸಿರು ಸಿಪ್ಪೆಯದು, ಒಣಗಿಸಲು ಬಹಳ ಚೆನ್ನ. ಎಕ್ಸೆಲ್ ಅತಿ ಸಿಹಿ, ಬಿರಿಯುವುದು ಕಡಿಮೆ. ಬ್ರೌನ್ ಟರ್ಕಿ ಎಲ್ಲ ನರ್ಸರಿಗಳಲ್ಲೂ ಸಿಗುತ್ತದೆ, ಜೋರಾಗಿ ಬೆಳೆಯುತ್ತದೆ, ಬೇಗ ಕಾಯಿ ಹಿಡಿಯುತ್ತದೆ. ಆದರೆ ರುಚಿ ಸೌಮ್ಯ, ಕಣ್ಣು ದೊಡ್ಡದು. ಬ್ಲ್ಯಾಕ್ ಮಿಷನ್‌ನದು ಕಪ್ಪು ಸಿಪ್ಪೆ, ಗಾಢ ರುಚಿ, ಆದರೆ ಮರ ದೊಡ್ಡದಾಗುತ್ತದೆ, ನೆಲಕ್ಕೇ ಸರಿ.

ನಾಲ್ಕೇ ಗಿಡಕ್ಕೆ ಜಾಗ ಇದ್ದರೆ ಸ್ಥಳೀಯ ತಳಿ, ಪೂನಾ, ಡಯಾನಾ, ಮಿಷನ್ ಆರಿಸಿ. ನಾಲ್ಕರ ರುಚಿಯೂ ಒಂದಕ್ಕೊಂದು ದೂರ, ಹೋಲಿಸಿ ನೋಡಲು ಅರ್ಥವಿರುತ್ತದೆ.

ಕಡ್ಡಿ ನೆಡುವುದು

ಕಡ್ಡಿ ತೆಗೆಯಲು ಚಾಟ್ನಿ (ಟೊಂಗೆ ಸವರುವ ಕೆಲಸ) ಮಾಡುವ ಅಕ್ಟೋಬರ್‌ ಒಳ್ಳೆಯ ಕಾಲ. ಹಿಂದಿನ ವರ್ಷ ಬೆಳೆದು ಬಲಿತ ಟೊಂಗೆ, ಪೆನ್ಸಿಲ್‌ ದಪ್ಪ ಅಥವಾ ಸ್ವಲ್ಪ ಹೆಚ್ಚು, 20ರಿಂದ 25 ಸೆಂ.ಮೀ. ಉದ್ದ, ನಾಲ್ಕೈದು ಗೆಣ್ಣು. ತುದಿಯ ಹಸಿರು ಭಾಗ ಬೇಡ, ಕೊಳೆಯುತ್ತದೆ. ಕೆಳಗಿನ ಕೊಯ್ತ ಗೆಣ್ಣಿನ ಕೆಳಗೇ, ಓರೆಯಾಗಿ, ಮೇಲಿನದು ನೇರವಾಗಿ. ಹೀಗೆ ಗುರುತಿದ್ದರೆ ತಲೆಕೆಳಗು ನೆಡುವುದು ತಪ್ಪುತ್ತದೆ. ಬಿಳಿ ಹಾಲು ಸೋರುವುದು ನಿಲ್ಲುವವರೆಗೆ ನೆರಳಲ್ಲಿಡಿ.

6×8 ಇಂಚಿನ ಪಾಲಿಥಿನ್‌ ಚೀಲದಲ್ಲಿ ಮರಳು ಒಂದು ಪಾಲು, ಮಸಾರಿ ಮಣ್ಣು ಒಂದು ಪಾಲು, ಪೂರ್ತಿ ಕೊಳೆತ ಗೊಬ್ಬರ ಅರ್ಧ ಪಾಲು. ಕಡ್ಡಿಯ ಮೂರರಲ್ಲಿ ಎರಡು ಪಾಲು ಒಳಗೆ, ಒಂದೆರಡು ಗೆಣ್ಣು ಹೊರಗೆ. ಬೇರು ಬರಲು ನಾಲ್ಕರಿಂದ ಆರು ವಾರ ಬೇಕು. ಇಲ್ಲೇ ಹೆಚ್ಚಿನವರು ಎಡವುವುದು: ಎರಡು ವಾರಕ್ಕೇ ಚಿಗುರು ಕಾಣುತ್ತದೆ, ಬೇರು ಬಂತೆಂದು ಬಿಸಿಲಿಗಿಟ್ಟು ದಿನಾ ನೀರು ಸುರಿಯುತ್ತಾರೆ. ಆ ಚಿಗುರು ಕಡ್ಡಿಯಲ್ಲಿದ್ದ ಕಸುವಿನಿಂದ ಬಂದದ್ದು, ಬೇರಿನಿಂದಲ್ಲ. ಬೆರಳಿಟ್ಟು ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ನೀರು ಕೊಡಿ. ಎರಡೂವರೆ ಮೂರು ತಿಂಗಳು ಚೀಲದಲ್ಲೇ ಇರಲಿ.

ತಾಯಿಗಿಡವನ್ನು ಕಣ್ಣಾರೆ ನೋಡಿ ಕಡ್ಡಿ ತನ್ನಿ. ಎಲೆ ಮೇಲೆ ಹಳದಿ ಚುಕ್ಕೆ, ಮಚ್ಚೆ, ಸೊಟ್ಟ ಆಕಾರ ಇದ್ದರೆ ಅದು ಮೊಸಾಯಿಕ್‌ ನಂಜು. ಕಡ್ಡಿಯ ಜೊತೆಗೇ ಬರುತ್ತದೆ, ಅದಕ್ಕೆ ಔಷಧಿ ಇಲ್ಲ.

ನೆಲ ಅಥವಾ ಡ್ರಮ್ಮು

ಅಂಜೂರ ಬರ ತಡೆಯುತ್ತದೆ, ಉಪ್ಪುನೀರನ್ನೂ ನಿಂಬೆಗಿಂತ ಚೆನ್ನಾಗಿ ತಡೆಯುತ್ತದೆ. ಬುಡದಲ್ಲಿ ನಿಂತ ನೀರನ್ನು ಮಾತ್ರ ತಡೆಯದು. ಬಳ್ಳಾರಿ, ಸಂಡೂರು, ಕುಷ್ಟಗಿ ಕಡೆಯ ಮಸಾರಿ, ಗರಸು ನೆಲದಲ್ಲಿ ಚಿಂತೆಯಿಲ್ಲ: ಎರಡಡಿ ಉದ್ದ, ಅಗಲ, ಆಳದ ಗುಂಡಿಗೆ ಮೇಲ್ಮಣ್ಣು, 15 ಕೆ.ಜಿ. ತಿಪ್ಪೆಗೊಬ್ಬರ, 1 ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ 10ರಿಂದ 12 ಅಡಿ ಇರಲಿ, ಗೋಡೆಯಿಂದ 6 ಅಡಿ.

ಸಿಂಧನೂರು, ಸಿರುಗುಪ್ಪ, ಗಂಗಾವತಿಯ ಎರೆ ಭೂಮಿಯಲ್ಲಿ ಗುಂಡಿ ತೋಡಬೇಡಿ. ಎರೆಯಲ್ಲಿ ಗುಂಡಿ ಎಂದರೆ ಮಳೆಗಾಲಕ್ಕೆ ತೊಟ್ಟಿ. ಅದರ ಬದಲು ಐದಡಿ ಅಗಲ, ಒಂದೂವರೆ ಎರಡಡಿ ಎತ್ತರದ ಏರುಮಡಿ ಕಟ್ಟಿ, ಮಸಾರಿ ಮಣ್ಣು ತಂದು ಅದರ ಮೇಲೆ ನೆಡಿ. ಕಾಲುವೆ ನೀರಿನ ಗದ್ದೆ ಪಕ್ಕದ ಜವಳು ಜಾಗವಾದರೆ ಡ್ರಮ್ಮೇ ವಾಸಿ.

ಮಾಳಿಗೆ ಮೇಲೆ ಬೆಳೆಯುವವರಿಗೆ 200 ಲೀಟರ್‌ ನೀಲಿ ಡ್ರಮ್ಮನ್ನು ಅಡ್ಡ ಕೊಯ್ದರೆ ಎರಡು ತೊಟ್ಟಿ. ತಳದಲ್ಲಿ ಬೆರಳು ಹೋಗುವಷ್ಟು ದೊಡ್ಡ ಎಂಟು ಹತ್ತು ತೂತು, ಕೆಳಗೆ ಮೂರು ಇಟ್ಟಿಗೆ. ಹೊರಗೆ ಬಿಳಿ ಸುಣ್ಣ ಅಥವಾ ಬಿಳಿ ಪೇಂಟ್ ಬಳಿಯಿರಿ: ಏಪ್ರಿಲ್‌ ಮಧ್ಯಾಹ್ನ ನೀಲಿ ಡ್ರಮ್ಮಿನ ಪಶ್ಚಿಮದ ಬದಿ ಕೈ ಇಡಲಾಗದಷ್ಟು ಕಾಯುತ್ತದೆ, ಆ ಬದಿಯ ಬೇರು ಬೆಂದು ಗಿಡ ಒಂದು ಮಗ್ಗುಲಿಗೆ ಒಣಗುತ್ತದೆ. ನೀರುಂಡ ತೊಟ್ಟಿ ಒಂದೊಂದೂ ಒಂದು ಕ್ವಿಂಟಲ್‌ ಮೀರುತ್ತದೆ, ಆದ್ದರಿಂದ ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡಿ. ಹಳೆಯ ಮಣ್ಣಿನ ಮಾಳಿಗೆ ಮೇಲೆ ಇಡಲೇಬೇಡಿ.

ತೊಟ್ಟಿಗೆ ಮಸಾರಿ ಮಣ್ಣು 4 ಬುಟ್ಟಿ, ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ 3, ದಪ್ಪ ಮರಳು 2, ಭತ್ತದ ಹೊಟ್ಟು 1, ಜೊತೆಗೆ ಅರ್ಧ ಕೆ.ಜಿ. ಬೇವಿನ ಹಿಂಡಿ. ಎರೆ ಮಣ್ಣು ತೊಟ್ಟಿಗೆ ಬೇಡ. ಒಣಗಿದಾಗ ಕುಗ್ಗಿ ಅಂಚು ಬಿಡುತ್ತದೆ, ಹಾಕಿದ ನೀರು ಬೇರಿಗೆ ತಾಗದೆ ಬದಿಯಿಂದ ಇಳಿದು ಹೋಗುತ್ತದೆ.

ನೆಟ್ಟ ಗಿಡವನ್ನು ಎರಡಡಿಗೆ ಚಿವುಟಿ. ಸುತ್ತ ಹರಡಿಕೊಂಡ ನಾಲ್ಕು ಟೊಂಗೆ ಉಳಿಸಿ ಮಿಕ್ಕಿದ್ದು ತೆಗೆಯಿರಿ. ಮೊದಲ ವರ್ಷದ ಕಾಯಿ ಕಂಡರೂ ಉದುರಿಸಿ.

ಚಾಟ್ನಿ: ರುಚಿ ನಿರ್ಧಾರವಾಗುವ ದಿನ

ದ್ರಾಕ್ಷಿ, ದಾಳಿಂಬೆ ಬೆಳೆಯುವವರಿಗೆ ಚಾಟ್ನಿ ಗೊತ್ತು. ಅಂಜೂರಕ್ಕೂ ಅದೇ ಲೆಕ್ಕ, ಏಕೆಂದರೆ ಮೇಲಿನ ತಳಿಗಳು ಹೊಸ ಚಿಗುರಿನ ಎಲೆ ಬುಡದಲ್ಲಿ ಕಾಯಿ ಬಿಡುತ್ತವೆ. ಚಿಗುರು ಯಾವಾಗ ಬರಬೇಕೆಂದು ನೀವು ನಿರ್ಧರಿಸಿದರೆ ಹಣ್ಣು ಯಾವಾಗ ಮಾಗಬೇಕೆಂದೂ ನಿರ್ಧರಿಸಿದಂತೆ. ಮಳೆಗಾಲದಲ್ಲಿ ಮಾಗುವ ಫಸಲಿಗೆ ಮಹಾರಾಷ್ಟ್ರದವರು ಖಟ್ಟಾ ಬಹಾರ್‌ ಎನ್ನುತ್ತಾರೆ, ಬೇಸಿಗೆಯದಕ್ಕೆ ಮಿಠಾ ಬಹಾರ್‌. ನಮಗೆ ಬೇಕಾದದ್ದು ಎರಡನೆಯದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಾಣುವ ಕಾಯಿಯನ್ನು ಕಿತ್ತುಬಿಡಿ. ಸಂಕಟವಾಗುತ್ತದೆ, ಆದರೂ ಕೀಳಿ. ಅವು ಬಿರಿದು ಹುಳಿಯುತ್ತವೆ, ಗಿಡದ ಕಸುವನ್ನೂ ತಿನ್ನುತ್ತವೆ.

ನಮ್ಮಲ್ಲಿ ಸೆಪ್ಟೆಂಬರ್‌ ಮಳೆ ಜೋರು. ಅದು ಇಳಿದ ಮೇಲೆ, ಅಕ್ಟೋಬರ್‌ ಮೊದಲ ವಾರದಿಂದ ಇಪ್ಪತ್ತನೇ ತಾರೀಖಿನೊಳಗೆ ಚಾಟ್ನಿ ಮಾಡಿ. ತೊಟ್ಟಿಯ ಗಿಡಕ್ಕೆ ಹತ್ತು ಹನ್ನೆರಡು ದಿನ ಮೊದಲೇ ನೀರು ಅರ್ಧಕ್ಕಿಳಿಸಿ. ಎಲೆ ಹಳದಿಯಾಗಿ ಗಿಡ ಮಲಗುತ್ತದೆ. ಉಳಿದ ಎಲೆ ಕೈಯಿಂದ ತೆಗೆಯಿರಿ. ಪ್ರತಿ ಟೊಂಗೆಯಲ್ಲಿ ಈ ವರ್ಷದ ಬೆಳೆಯಿಂದ ಮೂರು ನಾಲ್ಕು ಗೆಣ್ಣು ಉಳಿಸಿ, ಹೊರಮುಖದ ಮೊಗ್ಗಿನ ಮೇಲೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಒಣಗಿದ್ದು, ಒಳಗೆ ನುಗ್ಗಿದ್ದು, ಒಂದಕ್ಕೊಂದು ಉಜ್ಜುವುದು ಎಲ್ಲ ಹೋಗಲಿ.

ಕೈಗವಸು, ತುಂಬುತೋಳು ಇರಲಿ. ಅಂಜೂರದ ಹಾಲು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸಂಜೆ ಹೊತ್ತು ಕತ್ತರಿಸಿ, ಕೂಡಲೇ ಸೋಪಿನಿಂದ ತೊಳೆಯಿರಿ.

ಕೊಯ್ತಕ್ಕೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್‌. ಗಿಡಕ್ಕೆ ಸಿಂಪಡಿಸಲಾದರೆ ಶೇ 1ರ ದ್ರಾವಣ, ಅಂದರೆ ಲೀಟರಿಗೆ ತಲಾ 10 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್‌ ಬಕೆಟ್‌ನಲ್ಲಿ ಅರ್ಧರ್ಧ ನೀರಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನ ಸುರಿಯುತ್ತಾ ಕಲಕಿ. ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ; ಕೆಂಪು ಕೂರುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಬಳಸಿ.

ಎರಡು ವಾರದಲ್ಲಿ ಚಿಗುರು, ಆರು ವಾರದ ಹೊತ್ತಿಗೆ ಎಲೆ ಬುಡದಲ್ಲಿ ಹಸಿರು ಕಾಳು, ಚಾಟ್ನಿಯಿಂದ 120ರಿಂದ 140 ದಿನಕ್ಕೆ ಮೊದಲ ಹಣ್ಣು. ಚಿಗುರಿನಲ್ಲಿ ಆರನೇ ಎಲೆ ಬಿಚ್ಚಿದಾಗ ತುದಿ ಚಿವುಟಿದರೆ ಕಾಯಿ ಬೇಗ ಕೂರುತ್ತದೆ. ತಳಿಗಳನ್ನು ಹೋಲಿಸುವ ಆಸೆಯಿದ್ದರೆ ಎಲ್ಲ ಗಿಡಗಳ ಚಾಟ್ನಿ ಒಂದೇ ದಿನ ಮಾಡಿ.

ನೀರು, ಗೊಬ್ಬರ

ಚಳಿಗಾಲದಲ್ಲಿ ನೆಲದ ಗಿಡಕ್ಕೆ ದಿನ ಬಿಟ್ಟು ದಿನ 10 ಲೀಟರ್‌, ಮಾರ್ಚ್‌ನಿಂದ ದಿನಕ್ಕೆ 15ರಿಂದ 20. ತೊಟ್ಟಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 5, ಸಂಜೆ 3 ಲೀಟರ್‌. ಅಳತೆಗಿಂತ ಒಂದೇ ಸಮನಾಗಿ ಕೊಡುವುದು ಮುಖ್ಯ: ಮೂರು ದಿನ ಒಣಗಿಸಿ ನಾಲ್ಕನೇ ದಿನ ಧಾರಾಳ ಸುರಿದರೆ ಕಾಯಿ ಉದುರುತ್ತದೆ, ಮಾಗುವ ಹಣ್ಣು ಬಿರಿಯುತ್ತದೆ. ಬುಡಕ್ಕೆ ಮೂರು ಇಂಚು ಶೇಂಗಾ ಹೊಟ್ಟು ಅಥವಾ ಭತ್ತದ ಹೊಟ್ಟಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ.

ಬೋರ್‌ ನೀರಿನ ಉಪ್ಪು ತೊಟ್ಟಿಯಲ್ಲಿ ಕೂಡುತ್ತಾ ಹೋಗುತ್ತದೆ. ಎಲೆಯಂಚು ಕಂದಾಗಿ ಸುಟ್ಟಂತಾದರೆ, ಡ್ರಮ್ಮಿನ ತೂತಿನ ಸುತ್ತ ಬಿಳಿ ಪದರ ಕಟ್ಟಿದರೆ, ಹದಿನೈದು ದಿನಕ್ಕೊಮ್ಮೆ ತೂತಿನಿಂದ ಧಾರೆ ಇಳಿಯುವಷ್ಟು ನೀರು ಹಾಕಿ ತೊಳೆಯಿರಿ. ಮಳೆನೀರು ಇದ್ದರೆ ಅದನ್ನು ಇದಕ್ಕೇ ಉಳಿಸಿ.

ಚಾಟ್ನಿ ದಿನ ತೊಟ್ಟಿಗೆ 3 ಕೆ.ಜಿ. ಎರೆಹುಳು ಗೊಬ್ಬರ, 250 ಗ್ರಾಂ ಬೇವಿನ ಹಿಂಡಿ. ನೆಲಕ್ಕೆ ಗಿಡದ ವಯಸ್ಸು ನೋಡಿ 15ರಿಂದ 30 ಕೆ.ಜಿ. ತಿಪ್ಪೆಗೊಬ್ಬರ. ಕಾಯಿ ಹೆಬ್ಬೆರಳಷ್ಟಾದಾಗ ತೊಟ್ಟಿಗೆ 20 ಗ್ರಾಂ ಸಲ್ಫೇಟ್‌ ಆಫ್‌ ಪೊಟ್ಯಾಷ್. ಮ್ಯೂರಿಯೇಟ್‌ ಬೇಡ, ಅದರ ಕ್ಲೋರೈಡ್‌ ನಮ್ಮ ಸವಳು ನೀರಿಗೆ ಇನ್ನಷ್ಟು ಉಪ್ಪು ಸೇರಿಸುತ್ತದೆ. ಯೂರಿಯಾ ಹಾಕಿದವರ ಗಿಡ ಹಸಿರಾಗಿ ಮೆರೆಯುತ್ತದೆ, ಹಣ್ಣು ಕಡಿಮೆ, ಇದ್ದದ್ದೂ ಸಪ್ಪೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ, ಸುಣ್ಣದಂಶದ ಮಣ್ಣಲ್ಲಿ ಸಾಮಾನ್ಯ: ಲೀಟರಿಗೆ 5 ಗ್ರಾಂ ಫೆರಸ್‌ ಸಲ್ಫೇಟ್‌, 1 ಗ್ರಾಂ ಸಿಟ್ರಿಕ್‌ ಆಮ್ಲ ಬೆರೆಸಿ ಸಂಜೆ ಸಿಂಪಡಿಸಿ.

ಕಾಡುವವು

ಮಳೆಗಾಲದಲ್ಲಿ ಎಲೆಯಡಿ ತುಕ್ಕುಪುಡಿ ಕಂಡರೆ ತುಕ್ಕು ರೋಗ. ಬಿದ್ದ ಎಲೆ ಆರಿಸಿ ಸುಡಿ, ಜುಲೈನಿಂದ ಮೂರು ವಾರಕ್ಕೊಮ್ಮೆ ಶೇ 1ರ ಬೋರ್ಡೋ. ಕಾಂಡದಲ್ಲಿ ತೂತು, ಕೆಳಗೆ ಮರದ ಪುಡಿ ಇದ್ದರೆ ಕಾಂಡ ಕೊರಕ: ಸೈಕಲ್‌ ಕಡ್ಡಿ ಹಾಕಿ ಹುಳು ತಿವಿದು, ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ, ಹಸಿಮಣ್ಣಿನಿಂದ ಮುಚ್ಚಿ. ನೀರು ಗೊಬ್ಬರ ಎಲ್ಲ ಇದ್ದೂ ಗಿಡ ಸೊರಗಿದರೆ ಬೇರು ಕೆದಕಿ ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳು. ಬೇವಿನ ಹಿಂಡಿ ಹೆಚ್ಚಿಸಿ, ಸುತ್ತ ಚೆಂಡುಹೂ ಬೆಳೆಸಿ, ಆ ಮಣ್ಣನ್ನು ಬೇರೆ ತೊಟ್ಟಿಗೆ ಹಾಕಬೇಡಿ. ಹಕ್ಕಿ, ಅಳಿಲು, ಬಾವಲಿಗೆ ಪ್ರತಿ ಹಣ್ಣಿಗೂ ಬಲೆಬಟ್ಟೆಯ ಪುಟ್ಟ ಚೀಲ.

ಕೀಳುವ ಹೊತ್ತು

ಅಂಜೂರ ಒಂದೇ ಓಟದಲ್ಲಿ ಬೆಳೆಯುವುದಿಲ್ಲ. ಮೊದಲು ಬೇಗ ಉಬ್ಬುತ್ತದೆ, ಆಮೇಲೆ ವಾರಗಟ್ಟಲೆ ಗಟ್ಟಿ ಕಾಯಾಗಿ ಸುಮ್ಮನೆ ಕೂರುತ್ತದೆ, ಕೊನೆಯ ಕೆಲವೇ ದಿನಗಳಲ್ಲಿ ಮತ್ತೆ ಉಬ್ಬಿ ಬಣ್ಣ, ಸಿಹಿ ಎರಡನ್ನೂ ಪಡೆಯುತ್ತದೆ. ಸುಮ್ಮನೆ ಕೂತಾಗ ಗಾಬರಿಬಿದ್ದು ನೀರು, ಗೊಬ್ಬರ ಹೆಚ್ಚಿಸಬೇಡಿ. ಎರಡನೇ ಉಬ್ಬು ಶುರುವಾದಾಗ ಚೀಲ ಕಟ್ಟಿ, ನೀರನ್ನು ಕಾಲುಭಾಗ ಇಳಿಸಿ.

ಬಣ್ಣ ನೋಡಿ ಕೀಳಬೇಡಿ, ಕತ್ತು ನೋಡಿ. ಆಕಾಶ ನೋಡುತ್ತಿದ್ದ ಹಣ್ಣು ಕತ್ತು ಬಾಗಿ ಜೋತುಬೀಳುತ್ತದೆ, ಸಿಪ್ಪೆಯಲ್ಲಿ ಸಣ್ಣ ಬಿಳಿ ಗೀರು ಮೂಡುತ್ತವೆ, ಕೆಲವು ತಳಿಗಳಲ್ಲಿ ಕಣ್ಣಿನಲ್ಲಿ ಒಂದು ಹನಿ ರಸ ನಿಂತಿರುತ್ತದೆ. ತೊಟ್ಟು ಮುರಿದಾಗ ಬಿಳಿ ಹಾಲು ಬಂದರೆ ಇನ್ನೂ ಆಗಿಲ್ಲ. ಆ ಹಾಲಿನಿಂದಲೇ ನಾಲಿಗೆ, ತುಟಿ ಉರಿಯುವುದು.

ರುಚಿ ನೋಡುವುದು

ಹಣ್ಣನ್ನು ಬೆಳಿಗ್ಗೆ ಕಿತ್ತು, ಫ್ರಿಜ್‌ಗೆ ಹಾಕದೆ, ಎಲ್ಲ ತಳಿಗಳನ್ನೂ ಒಟ್ಟಿಗೆ ನೋಡಿ. ತಣ್ಣಗಿದ್ದರೆ ಸಿಹಿಯೂ ಪರಿಮಳವೂ ಅಡಗುತ್ತವೆ. ಕಣ್ಣಿನ ಕಡೆಯಿಂದ ಬೆರಳಲ್ಲೇ ಎರಡು ಹೋಳು ಮಾಡಿ ಮೊದಲು ಮೂಸಿ. ಆಮೇಲೆ ತಿರುಳು ಮಾತ್ರ, ಕೊನೆಗೆ ಸಿಪ್ಪೆ ಸಮೇತ. ಕಪ್ಪು ತಳಿಗಳ ಸಿಪ್ಪೆಯಲ್ಲೇ ಅರ್ಧ ರುಚಿ ಇರುತ್ತದೆ, ಸುಲಿದು ತಿಂದರೆ ಮಿಷನ್‌ನ ಗುಣ ಗೊತ್ತಾಗದು. ಸೌಮ್ಯದಿಂದ ಗಾಢಕ್ಕೆ ಹೋಗಿ: ಡಯಾನಾ, ಸ್ಥಳೀಯ, ಪೂನಾ, ಮಿಷನ್‌. ನಡುವೆ ಒಂದು ಚೂರು ಜೋಳದ ರೊಟ್ಟಿ, ಒಂದು ಗುಟುಕು ನೀರು ಬಾಯನ್ನು ಚೊಕ್ಕ ಮಾಡುತ್ತವೆ.

ಹಳದಿ ತಳಿಗಳದು ಜೇನಿನ ರುಚಿ, ಹುಳಿ ಇಲ್ಲ. ಪೂನಾದಂಥ ಕೆಂಪು ತಿರುಳಿನವುಗಳಲ್ಲಿ ಸಿಹಿಯ ಹಿಂದೆಯೇ ಸಣ್ಣ ಹುಳಿ ಬರುತ್ತದೆ. ಮಿಷನ್‌ನದು ಕಾಕಂಬಿಯ ಕಡೆ ವಾಲುವ ದಟ್ಟ ಸಿಹಿ. ಬೀಜದ ಕರಕರವನ್ನೂ ಗಮನಿಸಿ: ಪರಾಗ ಸೇರದ ನಮ್ಮ ಹಣ್ಣುಗಳಲ್ಲಿ ಬೀಜ ಟೊಳ್ಳು. ಟರ್ಕಿಯ ಒಣ ಅಂಜೂರದಲ್ಲಿ ಗಟ್ಟಿ ಬೀಜ ಸಿಡಿದು ಬರುವ ಬಾದಾಮಿ, ಗೋಡಂಬಿಯಂಥ ರುಚಿ ಇಲ್ಲಿನದರಲ್ಲಿ ಹುಡುಕಬೇಡಿ.

ತಳಿ ತಳಿ ಹೋಲಿಸುವುದಕ್ಕಿಂತ ಹೆಚ್ಚು ಕಲಿಸುವ ಪರೀಕ್ಷೆ ಇನ್ನೊಂದಿದೆ. ಒಂದೇ ಗಿಡದ ಮೂರು ಹಣ್ಣು: ಆಗಷ್ಟೇ ಮೆತ್ತಗಾದದ್ದು, ಕತ್ತು ಬಾಗಿದ್ದು, ಬಾಗಿ ಎರಡು ದಿನವಾಗಿ ಸಿಪ್ಪೆ ಸುಕ್ಕಿದ್ದು. ರಸದ ಸಿಹಿ ಅಳೆಯುವ ಕೈ ರಿಫ್ರ್ಯಾಕ್ಟೋಮೀಟರ್‌ ಇದ್ದರೆ ಒಂದೊಂದು ಹನಿ ರಸ ಹಾಕಿ ಬ್ರಿಕ್ಸ್‌ (ಸಕ್ಕರೆ ಅಂಶದ ಅಳತೆ) ನೋಡಿ. 15ರ ಕೆಳಗಿದ್ದರೆ ಸಪ್ಪೆ, 18 ದಾಟಿದರೆ ಒಳ್ಳೆಯದು. ಯಾರಿಗೆ ಎಷ್ಟು ಮಾಗಿದ್ದು ಇಷ್ಟ ಎಂಬುದು ಮನೆಯವರೆಲ್ಲ ಕೂತು ತಿಂದಾಗಲೇ ಗೊತ್ತಾಗುತ್ತದೆ. ತಾರೀಖು, ತಳಿ, ಬ್ರಿಕ್ಸ್‌, ಹಿಂದಿನ ವಾರದ ನೀರು ಬರೆದಿಡಿ. ಮೊದಲ ಫಸಲು ನೋಡಿ ಯಾವ ತಳಿಯನ್ನೂ ಕಿತ್ತೆಸೆಯಬೇಡಿ, ಎಳೆಯ ಗಿಡದ ಹಣ್ಣು ಸಪ್ಪೆ ಇರುವುದು ಸಹಜ. ಮೂರನೇ ಫಸಲಿಗೆ ತೀರ್ಮಾನ ಮಾಡಿ.

ಮಿಕ್ಕಿದ್ದನ್ನು ಒಣಗಿಸಲು

ಗಿಡದಲ್ಲೇ ಸುಕ್ಕಿದ ಹಣ್ಣು ತೆಗೆದುಕೊಳ್ಳಿ. ಕುದಿನೀರಲ್ಲಿ ಅರ್ಧ ನಿಮಿಷ ಅದ್ದಿ, ಆರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ತೆಳು ಬಟ್ಟೆ ಹೊದಿಸಿ ಮಾಳಿಗೆ ಬಿಸಿಲಿಗಿಡಿ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತವು. ದಿನಕ್ಕೊಮ್ಮೆ ಮಗುಚಿ, ಸಂಜೆ ಒಳಗೆ ತನ್ನಿ. ಮಾರ್ಚ್‌, ಏಪ್ರಿಲ್‌ ಬಿಸಿಲಿಗೆ ಐದಾರು ದಿನ ಸಾಕು. ಹಿಂಡಿದರೆ ರಸ ಬರಬಾರದು, ಮಡಿಸಿದರೆ ಮುರಿಯಬಾರದು. ಮೂರು ಕೆ.ಜಿ. ಹಸಿ ಹಣ್ಣಿಗೆ ಸುಮಾರು ಒಂದು ಕೆ.ಜಿ. ಸಿಗುತ್ತದೆ. ಡಬ್ಬಿಗೆ ಹಾಕುವ ಮೊದಲು ಮೂರು ದಿನ ಫ್ರೀಜರ್‌ನಲ್ಲಿಟ್ಟರೆ ಹುಳುವಿನ ಮೊಟ್ಟೆ ಸಾಯುತ್ತದೆ. ಕೆಲವು ತಿಂಗಳ ಮೇಲೆ ಹಣ್ಣಿನ ಮೇಲೆ ಬಿಳಿಪುಡಿ ಕಂಡರೆ ಒದ್ದೆ ಬೆರಳಿನಿಂದ ಒರೆಸಿ ನೋಡಿ: ಕರಗಿದರೆ ಅದು ಹಣ್ಣಿನದೇ ಸಕ್ಕರೆ, ತಿನ್ನಿ. ಕರಗದೆ ನಾರುನಾರಾಗಿ ಮುಗ್ಗಲು ವಾಸನೆ ಬಂದರೆ ಬೂಷ್ಟು, ಡಬ್ಬಿ ಸಮೇತ ಖಾಲಿ ಮಾಡಿ ತೊಳೆದಿಡಿ.